ಕಿಡಿ ಹಾರುವ ಗಳಿಗೆ: ಹಳೆಯ ಮೋಟಾರ್ ಸೈಕಲ್ಲಿನ ಮೂಲಕ ಕ್ರಮ–ಕಾರಣ ಬರವಣಿಗೆಯ ಪಾಠ

ತರಗತಿ: 9 ಮತ್ತು 10
ಅವಧಿಗಳು: ನಾಲ್ಕು
ಸಂಯೋಜನೆ: ಕನ್ನಡ, ವಿಜ್ಞಾನ, ಗಣಿತ

ಪೀಠಿಕೆ

ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಹತ್ತನೆಯ ತರಗತಿ ಮುಗಿಸುವ ಮಕ್ಕಳಲ್ಲಿ ಹಲವರು ಮುಂದೆ ಐ.ಟಿ.ಐ., ಪಾಲಿಟೆಕ್ನಿಕ್, ಗ್ಯಾರೇಜು ಅಥವಾ ಕಾರ್ಖಾನೆಯ ದಾರಿ ಹಿಡಿಯುತ್ತಾರೆ. ಹೊಸೂರಿನಲ್ಲಿ ಟಿ.ವಿ.ಎಸ್. ಮೋಟಾರ್ ಕಂಪನಿಯ ಕಾರ್ಖಾನೆಯೇ ಇದೆ. ಸೊಲ್ಲಾಪುರ, ಆದೋನಿ, ಕಾಸರಗೋಡುಗಳಲ್ಲಿ ಬೈಕು ರಿಪೇರಿಯ ಅಂಗಡಿಗಳು ಬೀದಿಗೊಂದರಂತೆ ಕಾಣುತ್ತವೆ. ಅಲ್ಲಿ ಕೆಲಸದ ಮಾತು ತಮಿಳು, ಮರಾಠಿ, ತೆಲುಗು ಅಥವಾ ಮಲಯಾಳ. ಕೈಪಿಡಿಯ ಭಾಷೆ ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗನೋ ಹುಡುಗಿಯೋ ಅಲ್ಲಿಗೆ ಹೋದ ಮೊದಲ ದಿನವೇ, ತಾನು ಹತ್ತು ವರ್ಷ ಕಲಿತ ಭಾಷೆಗೆ ಈ ಅಂಗಳದಲ್ಲಿ ಸ್ಥಾನವಿಲ್ಲವೆಂಬ ತೀರ್ಮಾನಕ್ಕೆ ಬರುವುದುಂಟು. ಕನ್ನಡವೆಂದರೆ ಪದ್ಯ ಬಾಯಿಪಾಠ ಮಾಡುವುದಕ್ಕೆ, ಯಂತ್ರದ ಮಾತಿಗೆ ಬೇರೆ ಭಾಷೆಯೇ ಬೇಕು ಎಂಬ ಭಾವನೆ ಒಮ್ಮೆ ಬೇರೂರಿದರೆ ಅದನ್ನು ಕೀಳುವುದು ಕಷ್ಟ. ಅಂಥ ಮಗು ತಾನು ತಂದೆಯಾದಾಗ, ತಾಯಿಯಾದಾಗ, ತನ್ನ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಲು ಹಿಂಜರಿಯುವುದೂ ಸಹಜವೇ.

ಈ ಘಟಕದ ಉದ್ದೇಶ ಆ ಭಾವನೆಗೆ ವಾದದ ಮೂಲಕ ಉತ್ತರ ಹೇಳುವುದಲ್ಲ, ಕೆಲಸದ ಮೂಲಕ ಉತ್ತರ ಹೇಳುವುದು. ಹಳೆಯ ಬೈಕೊಂದರ ಬಿಡಿಭಾಗಗಳನ್ನು ಕೊಳ್ಳುವುದು, ಅದರ ಕಿಡಿಯ ಕಾಲವನ್ನು ಹೊಂದಿಸುವುದು: ಈ ಎರಡು ಕೆಲಸಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ, ಏಕೆ ಎಂಬುದೇ ಸರ್ವಸ್ವ. ಅದನ್ನು ತಪ್ಪಿಲ್ಲದೆ ಹೇಳಬಲ್ಲ ಸಾಧನಗಳು ಕನ್ನಡದ ವ್ಯಾಕರಣದಲ್ಲಿ ಈಗಾಗಲೇ ಇವೆ. ಭಾಗಗಳ ಹೆಸರುಗಳು ಎರವಲಾಗಿರಬಹುದು, ಆದರೆ ಕಾರಣವನ್ನು ಹೇಳುವ ವಾಕ್ಯ ಕನ್ನಡದ್ದೇ ಆಗಿರಬಲ್ಲದು.

ಘಟಕದ ಉದ್ದೇಶಗಳು

1. ಒಂದು ಕೆಲಸದ ಹಂತಗಳನ್ನು ಸರಿಯಾದ ಕ್ರಮದಲ್ಲಿ, ಪ್ರತಿ ಹಂತದ ಕಾರಣದೊಡನೆ ಕನ್ನಡದಲ್ಲಿ ಬರೆಯುವುದು.
2. ಕೃದಂತಾವ್ಯಯಗಳನ್ನು (ತೆರೆದು, ತೆರೆಯುತ್ತ, ತೆರೆದರೆ, ತೆರೆಯದೆ, ತೆರೆಯಲು) ಅರ್ಥವರಿತು ಬಳಸುವುದು.
3. ವಿದ್ಯುತ್ಕಾಂತೀಯ ಪ್ರೇರಣೆಯ ಪಾಠವನ್ನು ನಿತ್ಯ ಕಾಣುವ ವಸ್ತುವಿಗೆ ಹೊಂದಿಸಿ ವಿವರಿಸುವುದು.
4. ಹಳೆಯ ವಾಹನ ಅಥವಾ ಬಿಡಿಭಾಗ ಕೊಳ್ಳುವಾಗ ಪಾಲಿಸಬೇಕಾದ ಕಾನೂನಿನ ಎಚ್ಚರಗಳನ್ನು ಅರಿಯುವುದು.

ಪೂರ್ವಸಿದ್ಧತೆ

ಶಿಕ್ಷಕರು ಊರಿನ ಗ್ಯಾರೇಜಿನಿಂದ ಕೆಲಸಕ್ಕೆ ಬಾರದ ಕೆಲವು ಭಾಗಗಳನ್ನು ಕೇಳಿ ತರಬಹುದು: ಒಂದು ಹಳೆಯ ಸ್ಪಾರ್ಕ್ ಪ್ಲಗ್, ಸವೆದ ಕಾಂಟ್ಯಾಕ್ಟ್ ಪಾಯಿಂಟು, ಒಂದು ಕಂಡೆನ್ಸರ್, ಸಾಧ್ಯವಾದರೆ ಒಂದು ಇಗ್ನಿಷನ್ ಕಾಯಿಲ್. ಇವು ಕೆಟ್ಟಿದ್ದರೂ ಪಾಠಕ್ಕೆ ಅಡ್ಡಿಯಿಲ್ಲ. ಅಳತೆಗೆ ಫೀಲರ್ ಗೇಜ್ ದೊರೆತರೆ ಒಳ್ಳೆಯದು. ವಿಜ್ಞಾನ ಶಿಕ್ಷಕರು ಎರಡನೆಯ ಅವಧಿಯಲ್ಲಿ ಜೊತೆಗಿರುವುದು ಅಪೇಕ್ಷಣೀಯ. ತರಗತಿಯಲ್ಲಾಗಲಿ ಶಾಲೆಯ ಅಂಗಳದಲ್ಲಾಗಲಿ ಯಾವ ಬೈಕಿನ ಎಂಜಿನನ್ನೂ ಮಕ್ಕಳಿಂದ ಚಾಲೂ ಮಾಡಿಸಬಾರದು. ಗೇರಿರುವ ಬೈಕು ಓಡಿಸಲು ಹದಿನೆಂಟು ವರ್ಷ ತುಂಬಿರಬೇಕೆಂಬ ನಿಯಮವನ್ನು ಪಾಠದ ಮೊದಲಲ್ಲೇ ಹೇಳಬೇಕು.

ಉದಾಹರಣೆಗೆ ಆರಿಸಿಕೊಂಡಿರುವುದು ಮೈಸೂರಿನಲ್ಲಿ ತಯಾರಾದ ಜಾವಾ ಮತ್ತು ಯೆಜ್ದಿ ಬೈಕುಗಳನ್ನು. ಚೆಕ್ ದೇಶದ ಜಾವಾ ಕಂಪನಿಯ ಪರವಾನಗಿಯ ಮೇಲೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ ಈ ಬೈಕುಗಳನ್ನು ತಯಾರಿಸಿತು. 1970ರ ದಶಕದಿಂದ ಅವು ಯೆಜ್ದಿ ಎಂಬ ಹೆಸರಿನಲ್ಲಿ ಬಂದವು; 1996ರಲ್ಲಿ ಕಾರ್ಖಾನೆ ಮುಚ್ಚಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು, ಕಿಕ್ಕರಿಗೂ ಗೇರಿಗೂ ಒಂದೇ ಲಿವರು: ಇವು ಆ ಬೈಕುಗಳ ಗುರುತು. ಇವುಗಳನ್ನು ಹುಡುಕಿ, ಬಿಚ್ಚಿ, ಮತ್ತೆ ಜೋಡಿಸಿ ಓಡಿಸುವ ಹವ್ಯಾಸಿಗಳು ಇಂದಿಗೂ ಇದ್ದಾರೆ. ಹಳೆಯ ಮಾದರಿಗಳ ಕಿಡಿಯ ವ್ಯವಸ್ಥೆಯನ್ನು ಬಿಚ್ಚಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಇಂದಿನ ಬೈಕಿನಲ್ಲಿ ಅದೇ ಕೆಲಸ ಮುಚ್ಚಿದ ಎಲೆಕ್ಟ್ರಾನಿಕ್ ಡಬ್ಬಿಯೊಳಗೆ ನಡೆಯುತ್ತದೆ. ಕಲಿಸುವುದಕ್ಕೆ ಹಳೆಯದೇ ಅನುಕೂಲ.

ಒಂದನೆಯ ಅವಧಿ: ಗುಜರಿಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಪಾಠವನ್ನು ಪದದಿಂದ ಆರಂಭಿಸಬಹುದು. ಹಳೆಯ ಸಾಮಾನಿನ ಅಂಗಡಿಗೆ ಊರಿನಲ್ಲಿ ಏನೆನ್ನುತ್ತಾರೆಂದು ಮಕ್ಕಳನ್ನು ಕೇಳಬೇಕು. ಕರ್ನಾಟಕದಲ್ಲಿ ಗುಜರಿ ಎಂಬ ಮಾತು ಬಳಕೆಯಲ್ಲಿದೆ. ಹೊಸೂರು, ತಾಳವಾಡಿಯ ಮಕ್ಕಳಿಗೆ ತಮಿಳಿನ ಕಾಯಲಾಂಕಡೈ ತಿಳಿದಿರುತ್ತದೆ. ಕಾಸರಗೋಡಿನ ಮಕ್ಕಳಿಗೆ ಮಲಯಾಳದ ಆಕ್ರಿ. ಅಕ್ಕಲಕೋಟೆ, ಜತ್ತಿನ ಮಕ್ಕಳಿಗೆ ಮರಾಠಿಯ ಭಂಗಾರ್. ರಾಯದುರ್ಗ, ಮಡಕಶಿರಾದ ಮಕ್ಕಳಿಗೆ ತೆಲುಗಿನ ಪಾತ ಸಾಮಾನು. ಈ ಪದಗಳನ್ನು ಕಪ್ಪುಹಲಗೆಯ ಮೇಲೆ ಒಂದರ ಕೆಳಗೊಂದು ಬರೆದರೆ, ಗಡಿಯ ಮಗುವಿನ ಪದಸಂಪತ್ತು ಒಳನಾಡಿನ ಮಗುವಿನದಕ್ಕಿಂತ ಕಡಿಮೆಯದಲ್ಲ, ಹೆಚ್ಚಿನದು ಎಂಬುದು ತಾನಾಗಿ ಕಾಣುತ್ತದೆ.

ಬೆಂಗಳೂರಿನ ಶಿವಾಜಿನಗರದ ಗುಜರಿ, ಚೆನ್ನೈನ ಪುದುಪೇಟೆಗಳು ಹಳೆಯ ವಾಹನಗಳ ಬಿಡಿಭಾಗಗಳಿಗೆ ಹೆಸರಾದ ಜಾಗಗಳು. ಅಂಥ ಜಾಗಕ್ಕೆ ಹೋಗುವವನು ಎರಡು ಬಗೆಯ ಪ್ರಶ್ನೆಗಳನ್ನು ಸಿದ್ಧಮಾಡಿಕೊಂಡು ಹೋಗಬೇಕು. ಒಂದು, ಈ ಭಾಗ ಕೆಲಸಕ್ಕೆ ಬರುತ್ತದೆಯೇ? ಎರಡು, ಈ ಭಾಗ ಎಲ್ಲಿಂದ ಬಂದಿತು?

ಮೊದಲನೆಯ ಪ್ರಶ್ನೆಗೆ ಕಣ್ಣು, ಕೈ, ಮೀಟರುಗಳು ಉತ್ತರಿಸುತ್ತವೆ. ಪಾಯಿಂಟಿನ ಎರಡು ತುದಿಗಳೂ ಸಮನಾಗಿ, ಮೂತಿಗೆ ಮೂತಿ ಕೂಡಬೇಕು. ಒಂದರ ಮೇಲೆ ಗುಡ್ಡೆ, ಇನ್ನೊಂದರ ಮೇಲೆ ಕುಳಿ ಎದ್ದಿದ್ದರೆ ಅದು ಬಹಳ ಕಾಲ ಓಡಿದ್ದು, ಅಥವಾ ಕಂಡೆನ್ಸರ್ ಕೆಟ್ಟ ಬೈಕಿನಲ್ಲಿ ಓಡಿದ್ದು. ಪಾಯಿಂಟಿನ ಹಿಮ್ಮಡಿ, ಅಂದರೆ ಕ್ಯಾಮಿನ ಮೇಲೆ ಉಜ್ಜುವ ಗಟ್ಟಿ ತುಂಡು, ಸವೆದಿದ್ದರೆ ಎಷ್ಟು ಹೊಂದಿಸಿದರೂ ಅಂತರ ಸಾಲದು. ಆರು ವೋಲ್ಟಿನ ಕಾಯಿಲಿನ ಒಳಸುತ್ತಿನ ರೋಧ ಒಂದೆರಡು ಓಮ್‌ಗಳ ಆಸುಪಾಸಿನಲ್ಲಿಯೂ ಹೊರಸುತ್ತಿನದು ಸಾವಿರಾರು ಓಮ್‌ಗಳಲ್ಲಿಯೂ ಇರುತ್ತದೆ. ಮೀಟರು ಮುಳ್ಳನ್ನೇ ಅಲ್ಲಾಡಿಸದಿದ್ದರೆ ತಂತಿ ಒಳಗೆ ತುಂಡಾಗಿದೆ ಎಂದರ್ಥ. ಆರು ವೋಲ್ಟಿನ ಕಾಯಿಲನ್ನು ಹನ್ನೆರಡು ವೋಲ್ಟಿನ ಬೈಕಿಗೆ ಹಾಕಿದರೆ ಅದು ಕಾದು ಸುಡುತ್ತದೆ. ಆದ್ದರಿಂದ ಅಗ್ಗವೆಂದು ಕೊಳ್ಳುವ ಮುನ್ನ ಮೈಮೇಲಿನ ಬರಹವನ್ನು ಓದಬೇಕು.

ಇಡೀ ಎಂಜಿನನ್ನು ಕೊಳ್ಳುವವನು ಇನ್ನೂ ಒಂದು ಪರೀಕ್ಷೆ ಮಾಡಬೇಕು. ಹಳೆಯ ಜಾವಾ, ಯೆಜ್ದಿಗಳಲ್ಲಿ ಪಾಯಿಂಟನ್ನು ತೆರೆಯುವ ಕ್ಯಾಮು ಕ್ರ್ಯಾಂಕಿನ ತುದಿಯಲ್ಲೇ ಇರುತ್ತದೆ. ಆ ತುದಿಯನ್ನು ಕೈಯಿಂದ ಮೇಲಕ್ಕೂ ಕೆಳಕ್ಕೂ ಅಲ್ಲಾಡಿಸಿದಾಗ ಸಡಿಲು ಕಂಡರೆ ಬೇರಿಂಗ್ ಸವೆದಿದೆ. ಬೇರಿಂಗ್ ಸವೆದರೆ ಕ್ಯಾಮು ತಿರುಗುವಾಗ ಓಲಾಡುತ್ತದೆ. ಕ್ಯಾಮು ಓಲಾಡಿದರೆ ಪಾಯಿಂಟಿನ ಅಂತರ ಪ್ರತಿ ಸುತ್ತಿಗೂ ಬದಲಾಗುತ್ತದೆ. ಅಂತರ ಬದಲಾದರೆ ಕಿಡಿಯ ಕಾಲ ನಿಲ್ಲುವುದಿಲ್ಲ. ಅಂಥ ಬೈಕಿಗೆ ಹೊಸ ಪಾಯಿಂಟು, ಹೊಸ ಕಾಯಿಲು ಎಷ್ಟು ಹಾಕಿದರೂ ಹಣ ವ್ಯರ್ಥ. ದೋಷ ಕಾಣುವ ಜಾಗವೇ ದೋಷ ಹುಟ್ಟಿದ ಜಾಗವಾಗಿರಬೇಕಿಲ್ಲ. ಶಿಕ್ಷಕರು ಈ ಸರಪಳಿಯನ್ನು ಹಲಗೆಯ ಮೇಲೆ ಬರೆದು, ‘ಸವೆದರೆ’, ‘ಓಲಾಡಿದರೆ’, ‘ಬದಲಾದರೆ’ ಎಂಬ ಮೂರು ಪದಗಳ ಕೆಳಗೆ ಗೆರೆ ಎಳೆಯಬೇಕು. ನಾಲ್ಕನೆಯ ಅವಧಿಯಲ್ಲಿ ಇವು ಮತ್ತೆ ಬೇಕಾಗುತ್ತವೆ.

ಎರಡನೆಯ ಪ್ರಶ್ನೆ, ಅಂದರೆ ಭಾಗ ಎಲ್ಲಿಂದ ಬಂದಿತೆಂಬುದು, ಕಾನೂನಿನ ಪ್ರಶ್ನೆ. ಕದ್ದ ಮಾಲೆಂದು ತಿಳಿದೋ ಹಾಗೆ ನಂಬಲು ಕಾರಣವಿದ್ದೋ ಅಪ್ರಾಮಾಣಿಕವಾಗಿ ಪಡೆದುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನ ಪ್ರಕಾರ ಅಪರಾಧ. ಈ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಆದ್ದರಿಂದ ನೋಂದಣಿ ಪತ್ರವಿಲ್ಲದ ಬೈಕು, ಅಂಕಿಗಳನ್ನು ಅರದಿಂದ ಉಜ್ಜಿದ ಎಂಜಿನು ಎಷ್ಟೇ ಅಗ್ಗವಾಗಿ ದೊರೆತರೂ ಬಿಟ್ಟು ಬರುವುದೇ ಜಾಣತನ. ಕೊಳ್ಳುವವನು ಮಾಡಬೇಕಾದ್ದು ಇಷ್ಟು:

• ನೋಂದಣಿ ಪತ್ರದ ಮೂಲ ಪ್ರತಿಯನ್ನು ನೋಡಿ, ಅದರ ಎಂಜಿನ್ ಸಂಖ್ಯೆ, ಚಾಸಿಸ್ ಸಂಖ್ಯೆಗಳನ್ನು ಬೈಕಿನ ಮೇಲಿನ ಕೆತ್ತನೆಯೊಡನೆ ಅಂಕಿಗೆ ಅಂಕಿ ತಾಳೆ ನೋಡುವುದು.
• ಕಾಗದವನ್ನು ಕೆತ್ತನೆಯ ಮೇಲಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದಿಟ್ಟುಕೊಳ್ಳುವುದು.
• ಬಿಡಿಭಾಗವಾದರೂ ಮಾರುವವನ ಹೆಸರು, ದಿನಾಂಕ, ಭಾಗದ ವಿವರಗಳಿರುವ ರಸೀದಿ ಪಡೆಯುವುದು.
• ಬೇರೆ ಎಂಜಿನನ್ನು ಕೂರಿಸುವುದಾದರೆ ನೋಂದಣಿ ಪ್ರಾಧಿಕಾರದ ಅನುಮತಿ ಪಡೆದು ಪತ್ರದಲ್ಲಿ ನಮೂದಿಸಿಸುವುದು.

ಗಡಿಯ ಜನಕ್ಕೆ ಇಲ್ಲಿ ಇನ್ನೊಂದು ವಿಶೇಷವಿದೆ. ಬೈಕು ಬಳ್ಳಾರಿಯಲ್ಲಿ ಕೊಂಡು ಆದೋನಿಯಲ್ಲಿ ಓಡಿಸುವುದು, ಮಂಗಳೂರಿನಲ್ಲಿ ಕೊಂಡು ಕಾಸರಗೋಡಿನಲ್ಲಿ ಇಟ್ಟುಕೊಳ್ಳುವುದು ನಿತ್ಯದ ಸಂಗತಿ. 1988ರ ಮೋಟಾರು ವಾಹನ ಕಾಯಿದೆಯ 47ನೆಯ ಕಲಮಿನಂತೆ, ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಹನ್ನೆರಡು ತಿಂಗಳಿಗೂ ಮೀರಿ ಬೇರೆ ರಾಜ್ಯದಲ್ಲಿ ಇಟ್ಟುಕೊಂಡರೆ ಆ ರಾಜ್ಯದ ಹೊಸ ನೋಂದಣಿ ಸಂಖ್ಯೆಗೆ ಅರ್ಜಿ ಹಾಕಬೇಕು. ಮಾಲೀಕತ್ವದ ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳು, ನಿರಾಕ್ಷೇಪಣಾ ಪತ್ರಕ್ಕೆ 28ನೆಯ ನಮೂನೆ ಬಳಕೆಯಲ್ಲಿವೆ. ತಂದೆತಾಯಿಯರು ಈ ಅರ್ಜಿಗಳನ್ನು ಹಿಡಿದು ಮಕ್ಕಳಿಂದ ಓದಿಸುವ ಮನೆಗಳಿವೆ; ಆ ಓದು ಶಾಲೆಯಲ್ಲಿಯೇ ಒಮ್ಮೆ ಆಗಿದ್ದರೆ ಮಗುವಿಗೆ ಧೈರ್ಯ ಬರುತ್ತದೆ.

ಚಟುವಟಿಕೆ: ಮಕ್ಕಳು ಒಂದು ರೂಪಾಯಿ ನಾಣ್ಯದ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯಲಿ. ಬಳಿಕ ಆ ಕೆಲಸ ನೋಡದ ಒಬ್ಬನಿಗೆ ಹೇಳುವಂತೆ ನಾಲ್ಕು ವಾಕ್ಯಗಳಲ್ಲಿ ಬರೆಯಲಿ.

ಎರಡನೆಯ ಅವಧಿ: ಕಿಡಿ ಹುಟ್ಟುವ ಬಗೆ

ಆರು ವೋಲ್ಟಿನ ಬ್ಯಾಟರಿಯಿಂದ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಿಸಲು ಸಾಧ್ಯವಿಲ್ಲ. ಅದಕ್ಕೆ ಸಾವಿರಾರು ವೋಲ್ಟು ಬೇಕು. ಈ ಏರಿಕೆ ಹೇಗೆ ಆಗುತ್ತದೆ ಎಂಬುದೇ ಅವಧಿಯ ಮುಖ್ಯ ಪ್ರಶ್ನೆ. ಉತ್ತರದ ಮೂಲ 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯಲ್ಲಿದೆ.

ಕಾಯಿಲಿನಲ್ಲಿ ಒಂದೇ ಕಬ್ಬಿಣದ ಮೇಲೆ ಎರಡು ಸುತ್ತುಗಳಿವೆ: ದಪ್ಪ ತಂತಿಯ ಕೆಲವೇ ಸುತ್ತುಗಳು, ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತುಗಳು. ಪಾಯಿಂಟು ಮುಚ್ಚಿರುವಾಗ ಬ್ಯಾಟರಿಯ ಪ್ರವಾಹ ದಪ್ಪ ಸುತ್ತಿನಲ್ಲಿ ಹರಿದು ಕಬ್ಬಿಣವನ್ನು ಕಾಂತವಾಗಿಸುತ್ತದೆ. ಕ್ಯಾಮು ತಿರುಗಿ ಪಾಯಿಂಟನ್ನು ತೆರೆದ ಕೂಡಲೇ ಪ್ರವಾಹ ಕಡಿದುಹೋಗುತ್ತದೆ; ಕಾಂತಕ್ಷೇತ್ರ ಥಟ್ಟನೆ ಕುಸಿಯುತ್ತದೆ; ಆ ಕುಸಿತದ ವೇಗದಿಂದ ತೆಳುಸುತ್ತಿನಲ್ಲಿ ಭಾರಿ ವೋಲ್ಟೇಜು ಹುಟ್ಟಿ ಪ್ಲಗ್ಗಿನ ಸಂದಿನಲ್ಲಿ ಕಿಡಿಯಾಗಿ ಹಾರುತ್ತದೆ. ಮಕ್ಕಳಿಗೆ ಇಲ್ಲಿ ಸಾಮಾನ್ಯವಾಗಿ ಆಶ್ಚರ್ಯವಾಗುತ್ತದೆ: ಸ್ವಿಚ್ ಹಾಕಿದಾಗ ದೀಪ ಹತ್ತುವುದನ್ನು ಕಂಡವರಿಗೆ, ಪಾಯಿಂಟು ಮುಚ್ಚಿದಾಗಲ್ಲ, ತೆರೆದಾಗ ಕಿಡಿ ಹಾರುತ್ತದೆ ಎಂಬುದು ತಲೆಕೆಳಗಾಗಿ ತೋರುತ್ತದೆ. ಈ ಆಶ್ಚರ್ಯವನ್ನು ಶಿಕ್ಷಕರು ಅವಸರದಿಂದ ನಿವಾರಿಸದೆ, ಮಕ್ಕಳೇ ಕಾರಣ ಹುಡುಕುವಂತೆ ಬಿಡಬೇಕು. ಪ್ರೇರಣೆಗೆ ಬೇಕಾದುದು ಕಾಂತಕ್ಷೇತ್ರವಲ್ಲ, ಕಾಂತಕ್ಷೇತ್ರದ ಬದಲಾವಣೆ. ಬದಲಾವಣೆ ಎಷ್ಟು ಬೇಗವೋ ವೋಲ್ಟೇಜು ಅಷ್ಟು ಹೆಚ್ಚು.

ಕಂಡೆನ್ಸರಿನ ಕೆಲಸವೂ ಇದರಿಂದಲೇ ತಿಳಿಯುತ್ತದೆ. ಪಾಯಿಂಟು ತೆರೆಯುವಾಗ ಪ್ರವಾಹ ಒಮ್ಮೆಗೇ ನಿಲ್ಲಲೊಪ್ಪದೆ ಸಂದಿನಲ್ಲಿ ಜಿಗಿಯಲು ನೋಡುತ್ತದೆ. ಪಕ್ಕದಲ್ಲಿ ಕಂಡೆನ್ಸರ್ ಇದ್ದರೆ ಆ ಪ್ರವಾಹವನ್ನು ಅದು ಕ್ಷಣಕಾಲ ತನ್ನೊಳಕ್ಕೆ ತೆಗೆದುಕೊಳ್ಳುತ್ತದೆ. ಇದರಿಂದ ಪಾಯಿಂಟು ಸುಡುವುದಿಲ್ಲ, ಕಾಂತಕ್ಷೇತ್ರವೂ ಬೇಗ ಕುಸಿಯುತ್ತದೆ. ಪಾಯಿಂಟಿನಲ್ಲಿ ದಪ್ಪ ಕಿಡಿ, ಪ್ಲಗ್ಗಿನಲ್ಲಿ ಬಡಕಲು ಕಿಡಿ ಕಂಡರೆ ಅನುಭವಿ ಮೆಕ್ಯಾನಿಕ್ ಮೊದಲು ಕಂಡೆನ್ಸರಿನ ಮೇಲೆ ಅನುಮಾನಪಡುವುದು ಈ ಕಾರಣದಿಂದಲೇ.

ಇನ್ನು ಕಿಡಿ ಯಾವಾಗ ಹಾರಬೇಕು? ಪಿಸ್ಟನ್ ತುತ್ತತುದಿಗೆ ಬಂದಾಗ ಎಂದು ಮಕ್ಕಳು ಊಹಿಸುತ್ತಾರೆ. ಊಹೆ ತಪ್ಪು, ಆದರೆ ಸಮಂಜಸ. ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಒಮ್ಮೆಗೇ ಸಿಡಿಯುವುದಿಲ್ಲ. ಪ್ಲಗ್ಗಿನ ಬಳಿ ಹೊತ್ತಿದ ಬೆಂಕಿ ಸಿಲಿಂಡರಿನ ಉಳಿದ ಭಾಗಕ್ಕೆ ಹರಡಲು ಸ್ವಲ್ಪ ಕಾಲ ಬೇಕು. ಪಿಸ್ಟನ್ ತುದಿಯನ್ನು ದಾಟಿ ಇಳಿಯತೊಡಗಿದ ಮೇಲೆ ಒತ್ತಡ ಗರಿಷ್ಠವಾದರೆ ಮಾತ್ರ ತಳ್ಳುವ ಬಲ ಪೂರ್ಣವಾಗಿ ದೊರೆಯುತ್ತದೆ. ಆದ್ದರಿಂದ ಕಿಡಿ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ, ತುದಿಗೆ ಕೆಲವು ಮಿಲಿಮೀಟರ್ ಕೆಳಗಿರುವಾಗಲೇ ಹಾರಬೇಕು. ಉಗಾದಿಯ ಹಬ್ಬಕ್ಕೆ ಒಲೆಯನ್ನು ಊಟದ ಹೊತ್ತಿಗೆ ಹೊತ್ತಿಸುವುದಿಲ್ಲ, ಮುಂಚೆಯೇ ಹೊತ್ತಿಸುತ್ತಾರೆ ಎಂದರೆ ಮಕ್ಕಳು ಒಡನೆ ಗ್ರಹಿಸುತ್ತಾರೆ.

ಬಹಳ ಮುಂಚೆ ಹಾರಿದರೆ ಮೇಲೇರುತ್ತಿರುವ ಪಿಸ್ಟನಿಗೆ ಎದುರೊತ್ತು ಬೀಳುತ್ತದೆ. ಕಿಕ್ಕರು ಕಾಲಿಗೆ ತಿರುಗಿ ಹೊಡೆಯುತ್ತದೆ, ಎಂಜಿನು ಟಕಟಕ ಬಡಿಯುತ್ತದೆ, ವಿಪರೀತ ಕಾಯುತ್ತದೆ. ಹಾಗೆಯೇ ಓಡಿಸಿದರೆ ಪಿಸ್ಟನಿನ ತಲೆಯೇ ತೂತಾಗಬಹುದು. ತಡವಾಗಿ ಹಾರಿದರೆ ಪಿಸ್ಟನ್ ಇಳಿದುಹೋದ ಮೇಲೆ ಬೆಂಕಿ ಅದರ ಬೆನ್ನಟ್ಟುತ್ತದೆ. ಎಳೆತ ಕುಗ್ಗುತ್ತದೆ, ಪೆಟ್ರೋಲು ಹೆಚ್ಚು ಹಿಡಿಯುತ್ತದೆ, ಸೈಲೆನ್ಸರಿನ ಕೊಳವೆ ಅತಿಯಾಗಿ ಕಾಯುತ್ತದೆ.

ಮೂರನೆಯ ಅವಧಿ: ಕಿಡಿಯ ಕಾಲವನ್ನು ಹೊಂದಿಸುವುದು

ಈ ಅವಧಿಯಲ್ಲಿ ಕ್ರಮವೇ ಪಾಠ. ಶಿಕ್ಷಕರು ಹಂತಗಳನ್ನು ಓದಿಹೇಳಬಹುದು. ಬೈಕು ಇಲ್ಲದಿದ್ದರೂ ಚಿತ್ರ ಬರೆದು ವಿವರಿಸಬಹುದು.

1. ಪ್ಲಗ್ಗನ್ನು ಬಿಚ್ಚಿ ತೆಗೆದಿಡಬೇಕು. ಒತ್ತಡವಿಲ್ಲದಿದ್ದರೆ ಎಂಜಿನು ಕೈಯಿಂದ ಸುಲಭವಾಗಿ ತಿರುಗುತ್ತದೆ.
2. ಪಾಯಿಂಟಿನ ತುದಿಗಳನ್ನು ಸಣ್ಣ ಅರದಿಂದ ಸಮಮಾಡಿ, ಎಣ್ಣೆಯ ಪಸೆ ಉಳಿಯದಂತೆ ಒರೆಸಬೇಕು.
3. ಕ್ಯಾಮು ಪಾಯಿಂಟನ್ನು ಅತ್ಯಂತ ಹೆಚ್ಚು ತೆರೆದಿರುವ ಸ್ಥಾನಕ್ಕೆ ಎಂಜಿನನ್ನು ತಿರುಗಿಸಿ, ಫೀಲರ್ ಗೇಜ್‌ನಿಂದ ಅಂತರವನ್ನು ಸುಮಾರು 0.4 ಮಿಲಿಮೀಟರಿಗೆ ಹೊಂದಿಸಬೇಕು.
4. ಪ್ಲಗ್ಗಿನ ರಂಧ್ರದ ಮೂಲಕ ಡಯಲ್ ಗೇಜ್ ಇಳಿಸಿ, ಪಿಸ್ಟನ್ ಏರಿ ನಿಂತು ಇಳಿಯತೊಡಗುವ ತುತ್ತತುದಿಯನ್ನು ಗುರುತಿಸಬೇಕು. ಅದೇ ಸೊನ್ನೆ.
5. ಎಂಜಿನನ್ನು ಹಿಂದಕ್ಕೆ, ಬೇಕಾದ ಅಳತೆಗಿಂತ ಹೆಚ್ಚಾಗಿಯೇ ತಿರುಗಿಸಿ, ಮತ್ತೆ ಮುಂದಕ್ಕೆ ನಿಧಾನವಾಗಿ ತರುತ್ತ, ಆ ಮಾದರಿಯ ಕೈಪಿಡಿ ಹೇಳುವ ಅಳತೆಗೆ ನಿಲ್ಲಿಸಬೇಕು. ಹಿಂದಕ್ಕೆ ಹೆಚ್ಚು ಹೋಗಿ ಮುಂದಕ್ಕೆ ಬರುವುದು, ಭಾಗಗಳ ಸಡಿಲು ಲೆಕ್ಕ ತಪ್ಪಿಸದಿರಲೆಂದು.
6. ಸಣ್ಣ ಬಲ್ಬಿನ ಒಂದು ತಂತಿಯನ್ನು ಪಾಯಿಂಟಿನ ತಂತಿಗೂ ಇನ್ನೊಂದನ್ನು ಬೈಕಿನ ಮೈಗೂ ಕೊಟ್ಟು ಸ್ವಿಚ್ ಹಾಕಬೇಕು. ಪಾಯಿಂಟು ಮುಚ್ಚಿದ್ದಾಗ ಬಲ್ಬು ಆರಿರುತ್ತದೆ. ತೆರೆದ ಗಳಿಗೆಯಲ್ಲೇ ಹತ್ತುತ್ತದೆ.
7. ಪಾಯಿಂಟು ಕೂತಿರುವ ತಟ್ಟೆಯ ತಿರುಪುಗಳನ್ನು ಸಡಿಲಿಸಿ, ಆ ಸ್ಥಾನದಲ್ಲಿಯೇ ಬಲ್ಬು ಹತ್ತುವಂತೆ ತಟ್ಟೆಯನ್ನು ತಿರುಗಿಸಿ, ತಿರುಪುಗಳನ್ನು ಬಿಗಿಯಬೇಕು. ಕ್ರ್ಯಾಂಕು ತಿರುಗುವ ದಿಕ್ಕಿಗೆ ಎದುರಾಗಿ ತಟ್ಟೆ ಸರಿದರೆ ಕಿಡಿ ಮುಂಚೆಯಾಗುತ್ತದೆ, ಅದೇ ದಿಕ್ಕಿಗೆ ಸರಿದರೆ ತಡವಾಗುತ್ತದೆ.
8. ಎಂಜಿನನ್ನು ಮತ್ತೊಮ್ಮೆ ತಿರುಗಿಸಿ ಪರೀಕ್ಷಿಸಬೇಕು. ಪಾಯಿಂಟು ಮುಚ್ಚಿರುವಾಗ ಸ್ವಿಚ್ಚನ್ನು ಬಹಳ ಹೊತ್ತು ಹಾಕಿಡಬಾರದು, ಕಾಯಿಲು ಕಾಯುತ್ತದೆ.

ಇಲ್ಲಿ ಮೂರನೆಯ ಹಂತ ಏಳನೆಯದರ ಮುಂಚೆಯೇ ಏಕೆ ಬರಬೇಕು ಎಂಬುದನ್ನು ಮಕ್ಕಳಿಂದಲೇ ಹೇಳಿಸಬೇಕು. ಅದಕ್ಕೆ ಕೆಳಗಿನ ಸಂಭಾಷಣೆ ನೆರವಾಗುತ್ತದೆ. ಹೊಸೂರಿನ ಕಡೆಯ, ಐ.ಟಿ.ಐ. ಓದುತ್ತಿರುವ ಒಬ್ಬ ಯುವಕ ಗ್ಯಾರೇಜು ನಡೆಸುವ ತನ್ನ ಸೋದರಮಾವನನ್ನು ಕೇಳುತ್ತಿದ್ದಾನೆ. ಇಬ್ಬರು ಮಕ್ಕಳು ಇದನ್ನು ತರಗತಿಯ ಮುಂದೆ ಓದಲಿ.

ಯುವಕ: ಮಾವ, ಪಾಯಿಂಟು ಹೊಸದು ಹಾಕಿದೀನಿ. ಆದ್ರೂ ಕಿಕ್ಕರು ಕಾಲಿಗೆ ವಾಪಸ್ ಹೊಡೀತದೆ.
ಮಾವ: ಟೈಮಿಂಗ್ ಇಟ್ಟಿದ್ಯಾ?
ಯುವಕ: ಬಲ್ಬು ಹಾಕಿ ಸರಿಯಾಗೇ ಇಟ್ಟೆ. ಬಿಗಿ ಮಾಡಿದ ಮೇಲೆ ಗ್ಯಾಪು ಸ್ವಲ್ಪ ಕಮ್ಮಿ ಅನ್ನಿಸ್ತು. ಅದನ್ನ ಜಾಸ್ತಿ ಮಾಡ್ದೆ, ಅಷ್ಟೇ.
ಮಾವ: ಅಲ್ಲೇ ಕೆಡಿಸ್ದೆ ನೋಡು. ಗ್ಯಾಪು ಜಾಸ್ತಿ ಮಾಡಿದ್ರೆ ಪಾಯಿಂಟು ಯಾವಾಗ ತೆಗೀತದೆ?
ಯುವಕ: ಕ್ಯಾಮಿಗೆ ಹತ್ತಿರ ಬಂತಲ್ಲ… ಮುಂಚೇನೇ ತೆಗೀತದೆ.
ಮಾವ: ಮುಂಚೆ ತೆಗೆದ್ರೆ?
ಯುವಕ: ಕಿಡೀನೂ ಮುಂಚೆ. ಅದಕ್ಕೇ ಕಾಲಿಗೆ ಹೊಡೀತಾ ಇರೋದು.
ಮಾವ: ಮತ್ತೆ? ಮೊದಲು ಗ್ಯಾಪು, ಆಮೇಲೆ ಟೈಮಿಂಗು. ಗ್ಯಾಪು ಮುಟ್ಟಿದ್ರೆ ಟೈಮಿಂಗು ಮತ್ತೆ ನೋಡ್ಲೇಬೇಕು. ಹೋಗು, ಮೊದಲಿಂದ ಮಾಡು.

ಓದಿದ ಬಳಿಕ ಶಿಕ್ಷಕರು ಕೇಳಬೇಕಾದ ಪ್ರಶ್ನೆ ಒಂದೇ: ಮಾವ ಉತ್ತರವನ್ನು ಹೇಳಿದನೇ, ಹೇಳಿಸಿದನೇ? ಯುವಕನಿಗೆ ಟೈಮಿಂಗ್ ಇಡುವ ಕೈ ಇತ್ತು, ಕಾರಣ ಗೊತ್ತಿರಲಿಲ್ಲ. ಕಾರಣ ಗೊತ್ತಿಲ್ಲದ ಕೈ ಕ್ರಮವನ್ನು ಮುರಿದಾಗ, ಮುರಿದದ್ದು ತಿಳಿಯದು. ಕಾರಣವನ್ನು ಅವನು ಕಂಡುಕೊಂಡದ್ದು ತನ್ನ ಮನೆಮಾತಿನಲ್ಲೇ.

ನಾಲ್ಕನೆಯ ಅವಧಿ: ಭಾಷಾಭ್ಯಾಸ

ಸಂಭಾಷಣೆಯ ಆಡುಮಾತನ್ನು ಮಕ್ಕಳು ಶಿಷ್ಟ ಬರಹಕ್ಕೆ ತರಬೇಕು: ‘ಗ್ಯಾಪು ಜಾಸ್ತಿ ಮಾಡಿದ್ರೆ ಮುಂಚೇನೇ ತೆಗೀತದೆ’ ಎಂಬುದು ‘ಅಂತರವನ್ನು ಹೆಚ್ಚಿಸಿದರೆ ಪಾಯಿಂಟು ಮುಂಚಿತವಾಗಿಯೇ ತೆರೆಯುತ್ತದೆ’ ಎಂದಾಗುತ್ತದೆ. ಆಡುಮಾತನ್ನು ತಪ್ಪೆಂದು ತಿದ್ದುವುದು ಈ ಅಭ್ಯಾಸದ ಉದ್ದೇಶವಲ್ಲ. ಗ್ಯಾರೇಜಿನಲ್ಲಿ ಮೊದಲನೆಯದು, ಉತ್ತರಪತ್ರಿಕೆಯಲ್ಲಿ ಎರಡನೆಯದು ಎಂಬ ವಿವೇಕ ಮೂಡಿದರೆ ಸಾಕು.

ಬಳಿಕ ಈ ಪಟ್ಟಿಯನ್ನು ಹಲಗೆಯ ಮೇಲೆ ಬರೆಯಬೇಕು:

• ಬಿಚ್ಚಿ, ಒರೆಸಿ, ತಿರುಗಿಸಿ: ಒಂದು ಕೆಲಸ ಮುಗಿದ ಮೇಲೆ ಇನ್ನೊಂದು.
• ತರುತ್ತ, ನೋಡುತ್ತ: ಎರಡು ಕೆಲಸ ಒಟ್ಟಿಗೆ.
• ತೆರೆದರೆ, ಸವೆದರೆ: ಒಂದು ನಡೆದಲ್ಲಿ ಇನ್ನೊಂದು ನಡೆಯುವುದು.
• ಬಿಗಿಯದೆ, ನೋಡದೆ: ಕೆಲಸ ಮಾಡದಿರುವುದು.
• ತಿರುಗಲು, ಹೊಂದಿಸಲು: ಉದ್ದೇಶ.

ಇವೆಲ್ಲ ಕೃದಂತಾವ್ಯಯಗಳು. ವ್ಯಾಕರಣದ ಪುಸ್ತಕದಲ್ಲಿ ಮಕ್ಕಳು ಇವನ್ನು ಹೆಸರಿಸಿ ಅಂಕ ಪಡೆದಿರುತ್ತಾರೆ. ಇವು ಏನು ಕೆಲಸ ಮಾಡುತ್ತವೆಂದು ಕಂಡಿರುವುದಿಲ್ಲ. ‘ಅಂತರ ಹೊಂದಿಸಿ ಕಾಲವನ್ನು ಇಡು’ ಎಂಬುದಕ್ಕೂ ‘ಅಂತರ ಹೊಂದಿಸದೆ ಕಾಲವನ್ನು ಇಡು’ ಎಂಬುದಕ್ಕೂ ಇರುವ ವ್ಯತ್ಯಾಸ ಒಂದು ಪ್ರತ್ಯಯದ್ದು. ಗ್ಯಾರೇಜಿನಲ್ಲಿ ಆ ಪ್ರತ್ಯಯದ ಬೆಲೆ ಒಂದು ಪಿಸ್ಟನ್.

ಪ್ಲಗ್, ಕಾಯಿಲ್, ಕಂಡೆನ್ಸರ್‌ಗಳಂಥ ಹೆಸರುಗಳನ್ನು ಬಲವಂತದಿಂದ ಕನ್ನಡಿಸಬೇಕಿಲ್ಲ. ನಾಳೆ ಅಂಗಡಿಯಲ್ಲಿ ಕೇಳಬೇಕಾದ ಹೆಸರು ಅದೇ. ಆದರೆ ತೆರೆ, ಮುಚ್ಚು, ಹರಿ, ಕಡಿ, ಕುಸಿ, ಹಾರು, ಹೊತ್ತು, ಹರಡು, ತಳ್ಳು, ಸವೆ, ಓಲಾಡು ಎಂಬ ಕ್ರಿಯಾಪದಗಳನ್ನು ಮಕ್ಕಳು ಬಿಟ್ಟುಕೊಡದಂತೆ ಶಿಕ್ಷಕರು ನೋಡಿಕೊಳ್ಳಬೇಕು. ‘ಪಾಯಿಂಟ್ ಓಪನ್ ಆಗಿ ಸ್ಪಾರ್ಕ್ ಜಂಪ್ ಆಗುತ್ತೆ’ ಎಂದು ಬರೆದ ಮಗುವಿಗೆ ‘ಪಾಯಿಂಟು ತೆರೆದು ಕಿಡಿ ಹಾರುತ್ತದೆ’ ಎಂಬ ವಾಕ್ಯವನ್ನು ಪಕ್ಕದಲ್ಲಿ ಬರೆದು ತೋರಿಸಿದರೆ ಸಾಕು, ಗದರಿಕೆ ಬೇಡ.

ಊರಿನ ಮೆಕ್ಯಾನಿಕ್ ಒಬ್ಬರನ್ನು ಶಾಲೆಗೆ ಕರೆಸುವುದಾದರೆ, ಅವರು ತಮಿಳಿನಲ್ಲಿಯೋ ಮರಾಠಿಯಲ್ಲಿಯೋ ಹೇಳಲಿ. ಮಕ್ಕಳು ಕನ್ನಡದಲ್ಲಿ ಟಿಪ್ಪಣಿ ಬರೆದುಕೊಳ್ಳಲಿ. ಒಂದು ಭಾಷೆಯಲ್ಲಿ ಕೇಳಿ ಇನ್ನೊಂದರಲ್ಲಿ ಬರೆಯುವ ಈ ಸಾಮರ್ಥ್ಯ ಗಡಿಯ ಮಕ್ಕಳಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಶಾಲೆ ಅದಕ್ಕೆ ಮಾನ್ಯತೆ ಕೊಡಬೇಕಷ್ಟೆ.

ಪೂರಕ ಚಟುವಟಿಕೆ: ಗಣಿತ

1. ಹಳೆಯ 250 ಸಿ.ಸಿ. ಜಾವಾದ ಸಿಲಿಂಡರಿನ ವ್ಯಾಸ 65 ಮಿ.ಮೀ., ಪಿಸ್ಟನಿನ ಓಟ 75 ಮಿ.ಮೀ. ಘನಫಲವೆಷ್ಟು? (ಸುಮಾರು 249 ಘನ ಸೆಂ.ಮೀ. ಬೈಕಿನ ಮೇಲೆ 250 ಎಂದು ಬರೆಯುವುದು ಏಕೆಂದು ಚರ್ಚಿಸಿರಿ.)
2. ನಿಮಿಷಕ್ಕೆ 3000 ಸುತ್ತು ತಿರುಗುವ ಎರಡು ಹೊಡೆತದ ಎಂಜಿನಿನಲ್ಲಿ ಪ್ರತಿ ಸುತ್ತಿಗೆ ಒಂದು ಕಿಡಿ. ಸೆಕೆಂಡಿಗೆ ಎಷ್ಟು ಕಿಡಿ? (50.) ಕ್ರ್ಯಾಂಕು 20 ಡಿಗ್ರಿ ತಿರುಗಲು ಎಷ್ಟು ಕಾಲ? (ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ತುಸು ಹೆಚ್ಚು.)
3. ಕ್ರ್ಯಾಂಕಿನ ತ್ರಿಜ್ಯ 37.5 ಮಿ.ಮೀ. ಕಿಡಿ ತುದಿಗಿಂತ 3 ಮಿ.ಮೀ. ಕೆಳಗೆ ಹಾರುತ್ತದೆಂದು ಭಾವಿಸಿದರೆ ಕ್ರ್ಯಾಂಕಿನ ಕೋನವೆಷ್ಟು? ಕನೆಕ್ಟಿಂಗ್ ರಾಡಿನ ವಾಲಿಕೆಯನ್ನು ಬಿಟ್ಟರೆ ಕೋನದ ಕೊಸೈನ್ 34.5 ÷ 37.5 = 0.92, ಅಂದರೆ ಸುಮಾರು 23 ಡಿಗ್ರಿ. ರಾಡಿನ ಉದ್ದ ತ್ರಿಜ್ಯದ ನಾಲ್ಕು ಪಟ್ಟು ಎಂದು ಹಿಡಿದು ವಾಲಿಕೆಯನ್ನೂ ಸೇರಿಸಿದರೆ ಸುಮಾರು 21 ಡಿಗ್ರಿ. ಚುರುಕಾದ ಮಕ್ಕಳು ಈ ಎರಡು ಡಿಗ್ರಿಯ ವ್ಯತ್ಯಾಸ ಎಲ್ಲಿಂದ ಬಂದಿತೆಂದು ಚಿತ್ರ ಬರೆದು ವಿವರಿಸಲಿ.

ಮೌಲ್ಯಮಾಪನ

1. ಪಾಯಿಂಟು ತೆರೆದಾಗ ಕಿಡಿ ಹಾರುವುದೇಕೆ? ಐದು ವಾಕ್ಯಗಳಲ್ಲಿ ಬರೆಯಿರಿ.
2. ಹಳೆಯ ಬೈಕು ಕೊಳ್ಳಲು ಹೊರಟ ಅಣ್ಣನಿಗೆ ಪತ್ರ ಬರೆದು, ಕೊಳ್ಳುವ ಮುನ್ನ ನೋಡಬೇಕಾದ ನಾಲ್ಕು ಸಂಗತಿಗಳನ್ನು ಕಾರಣ ಸಹಿತ ತಿಳಿಸಿರಿ.
3. ‘ಹೊಸ ಪಾಯಿಂಟು ಹಾಕಿದರೂ ಕಿಡಿಯ ಕಾಲ ನಿಲ್ಲುತ್ತಿಲ್ಲ.’ ಸಂಭವನೀಯ ಕಾರಣವನ್ನು ‘-ಅರೆ’ ರೂಪಗಳನ್ನು ಬಳಸಿ ಸರಪಳಿಯಾಗಿ ಬರೆಯಿರಿ.
4. ಪ್ರಾಯೋಗಿಕ ಪರೀಕ್ಷೆ: ಮಕ್ಕಳು ಇಬ್ಬಿಬ್ಬರಾಗಿ ಕೂರಲಿ. ಒಬ್ಬರು ಮನೆಯಲ್ಲಿ ತಾವು ಮಾಡುವ ಒಂದು ಕೆಲಸದ ಹಂತಗಳನ್ನು ಬರೆಯಲಿ: ಸೈಕಲ್ಲಿನ ಪಂಕ್ಚರ್ ಹಾಕುವುದು, ಸ್ಟೌವಿನ ಬತ್ತಿ ಬದಲಿಸುವುದು, ಮಗ್ಗಕ್ಕೆ ನೂಲು ಏರಿಸುವುದು, ಯಾವುದಾದರೂ ಸರಿ. ಇನ್ನೊಬ್ಬರು ಬರೆದದ್ದನ್ನು ಮಾತ್ರ ನೋಡುತ್ತ, ಏನನ್ನೂ ಕೇಳದೆ, ಆ ಕೆಲಸವನ್ನು ಅಭಿನಯಿಸಿ ತೋರಿಸಲಿ. ಎಲ್ಲಿ ಅವರು ತಡವರಿಸಿ ನಿಲ್ಲುತ್ತಾರೋ ಅಲ್ಲಿ ಬರಹ ಸೋತಿದೆ. ಆ ಜಾಗವನ್ನು ಗುರುತು ಮಾಡಿ, ಬರೆದವರೇ ತಿದ್ದಲಿ. ಅಂಕವನ್ನು ಮೊದಲ ಬರಹಕ್ಕಲ್ಲ, ತಿದ್ದಿದ ಬರಹಕ್ಕೆ ಕೊಡತಕ್ಕದ್ದು.